ನಾಲ್ಕು ಕೈ ಸೇರಿದರೆ ಖರ್ಚು ಅರ್ಧ

ಪ್ರಶ್ನೆ

ಮೇಡಂ, ನನಗೆ 27 ವರ್ಷ. ಗೋವಿಂದರಾಜನಗರದಲ್ಲಿ ಮೊದಲನೇ ಮಹಡಿಯ ಚಿಕ್ಕ ಬಾಡಿಗೆ ಮನೆಯಲ್ಲಿದ್ದೇವೆ. ಮಗನಿಗೆ ಮೂರು ತುಂಬಿದೆ, ಮಗಳಿಗೆ ಎಂಟು ತಿಂಗಳು. ನಮ್ಮ ಮನೆಯವರು ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಾರೆ. ನಾನು ಮೈಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಮಗಳು ಹೊಟ್ಟೆಯಲ್ಲಿದ್ದಾಗ ಬಿಟ್ಟೆ. ಅಲ್ಲಿಂದ ಒಂದೇ ಸಂಬಳ. ಬಾಡಿಗೆ, ಗ್ಯಾಸು, ಹಾಲು ಎಲ್ಲ ಕಳೆದರೆ ಇಪ್ಪತ್ತನೇ ತಾರೀಕಿಗೇ ಕೈ ಖಾಲಿ.

ಮಗಳಿಗೆ ದಿನಕ್ಕೆ ಐದು ಡೈಪರ್ ಆಗುತ್ತದೆ. ಡಬ್ಬದ ಆಹಾರ ಹದಿನೈದು ದಿನವೂ ಬರುವುದಿಲ್ಲ. ಮಗನನ್ನು ಪ್ಲೇ ಹೋಂಗೆ ಸೇರಿಸೋಣ ಎಂದರೆ ಫೀಸು ಕೇಳಿಯೇ ವಾಪಸ್ ಬಂದೆವು. ಬಟ್ಟೆ ಲಂಗೋಟಿ ಕಟ್ಟಿ, ರಾಗಿ ಸರಿ ತಿನ್ನಿಸಿ ದುಡ್ಡು ಉಳಿಸಬಹುದು ಎಂದು ನನಗೂ ಗೊತ್ತು. ಆದರೆ ಕೆಳಗಿನ ಮನೆಯವರ ಮಗು ಡೈಪರಿನಲ್ಲಿ ನೀಟಾಗಿರುವಾಗ ನನ್ನ ಮಗುವಿಗೆ ಹಳೇ ಪಂಚೆ ಕಟ್ಟಲು ಮನಸ್ಸು ಹಿಂಜರಿಯುತ್ತದೆ. ಮಕ್ಕಳಿಗೆ ಕಡಿಮೆ ಮಾಡುತ್ತಿದ್ದೇನೇನೋ ಅನಿಸುತ್ತದೆ. ಪಕ್ಕದ ಬೀದಿಯವರು ಮನೆಯಲ್ಲೇ ಊದುಬತ್ತಿ ಹೊಸೆದುಕೊಡು, ನಾಲ್ಕು ಕಾಸು ಬರುತ್ತದೆ ಎನ್ನುತ್ತಾರೆ. ರೇಷನ್ ಕಾರ್ಡಿನಲ್ಲಿ ಇನ್ನೂ ಊರಲ್ಲಿರುವ ಅತ್ತೆಯೇ ಯಜಮಾನಿ, ನಮ್ಮ ಹೆಸರುಗಳೂ ಅಲ್ಲೇ ಇವೆ. ಅವರಿಗೆ ಮಂಡಿನೋವು, ಬಂದು ನಿಲ್ಲಲಾರರು. ಅಮ್ಮನ ಮನೆ ಕುಣಿಗಲ್ ಹತ್ತಿರದ ಹಳ್ಳಿ. ಖರ್ಚು ತಗ್ಗಿಸಲು ಮನೆಯಲ್ಲೇ ಮಾಡಿಕೊಳ್ಳುವಂಥದ್ದು ಏನಾದರೂ ಹೇಳಿ. ಇವರು ಕೆಲಸಕ್ಕೆ ಹೋದ ಮೇಲೆ ರಾತ್ರಿವರೆಗೆ ಮಾತನಾಡುವುದಕ್ಕೂ ಯಾರೂ ಇರುವುದಿಲ್ಲ.

— ಹೆಸರು ಬೇಡ, ಗೋವಿಂದರಾಜನಗರ

ಉತ್ತರ

ತಂಗಿ, ನಿಮ್ಮ ಪತ್ರದಲ್ಲಿ ಡೈಪರು, ಡಬ್ಬ, ಫೀಸು ಮೊದಲು ಬಂದಿವೆ. ಮಾತನಾಡಲು ಯಾರೂ ಇಲ್ಲ ಎಂಬ ಮಾತು ಕಟ್ಟಕಡೆಗೆ ಬಂದಿದೆ. ನಾನು ಆ ಕಡೆಯ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಮನೆ ಖರ್ಚು ಏರುವುದಕ್ಕೆ ಅದೇ ದೊಡ್ಡ ಕಾರಣ ಎಂದು ನನಗೆ ಅನಿಸುತ್ತದೆ.

ನಿಮ್ಮ ಅಮ್ಮ ನಿಮ್ಮನ್ನು ಸಾಕಿದಾಗ ಡಬ್ಬವೂ ಇರಲಿಲ್ಲ, ಡೈಪರೂ ಇರಲಿಲ್ಲ ಎಂದು ನೆಂಟರು ಹೇಳುತ್ತಿರಬಹುದು. ಆದರೆ ಆಗ ರಾಗಿ ಆರಿಸಲು ಅಜ್ಜಿ ಇದ್ದರು, ಬಟ್ಟೆ ಜಾಲಿಸಲು ಚಿಕ್ಕಮ್ಮ ಇದ್ದರು, ಮಗುವನ್ನು ಸೊಂಟದಲ್ಲಿ ಹೊತ್ತು ತಿರುಗಲು ಪಕ್ಕದ ಮನೆಯ ಹುಡುಗಿ ಇದ್ದಳು. ಅಷ್ಟು ಜನ ಮಾಡುತ್ತಿದ್ದ ಕೆಲಸ ಇವತ್ತು ಮೊದಲನೇ ಮಹಡಿಯ ಒಂದು ಮನೆಯೊಳಗೆ ನಿಮ್ಮೊಬ್ಬರ ಮೇಲೆ ಬಿದ್ದಿದೆ. ಒಬ್ಬರಿಂದ ಆಗದ್ದನ್ನು ಅಂಗಡಿಯಿಂದ ತರುತ್ತಿದ್ದೀರಿ. ಒಗೆಯುವ ಕೈ ಇಲ್ಲದ್ದಕ್ಕೆ ಡೈಪರ್ ಬಂತು, ಹುರಿದು ಬೀಸುವ ಕೈ ಇಲ್ಲದ್ದಕ್ಕೆ ಡಬ್ಬ ಬಂತು. ಇದರಲ್ಲಿ ನಿಮ್ಮ ದುಂದುಗಾರಿಕೆಯೂ ಇಲ್ಲ, ಸೋಮಾರಿತನವೂ ಇಲ್ಲ.

ಹಾಗಾಗಿ ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಿ ಎಂದು ಒಂದು ಪಟ್ಟಿ ಕೊಟ್ಟು ಕಳಿಸಿದರೆ ನಿಮಗೆ ಉಪಕಾರ ಮಾಡಿದಂತಾಗುವುದಿಲ್ಲ. ಮನೆಯಲ್ಲಿ ಮಾಡಿದ್ದಕ್ಕೆ ಬೆಲೆ ಇಲ್ಲ ಅನ್ನುತ್ತಾರೆ. ಅದರ ಬೆಲೆ ತಾಯಿಯ ನಿದ್ದೆ, ತಾಯಿಯ ಬೆನ್ನು. ನಮ್ಮ ಊರುಗಳಲ್ಲಿ ನಾಟಿಗೆ, ಕುಯ್ಲಿಗೆ ಮುಯ್ಯಾಳು ಇತ್ತು ನೆನಪಿದೆಯೇ? ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನನ್ನ ಹೊಲಕ್ಕೆ. ಕೂಲಿ ಕೊಡುವ ಶಕ್ತಿ ಇಲ್ಲದವರೂ ಹಾಗೆಯೇ ಬೇಸಾಯ ಮಾಡಿದರು. ಮಕ್ಕಳನ್ನು ಸಾಕುವುದಕ್ಕೂ ನೀವು ಅಂಥ ಮುಯ್ಯಿ ಕಟ್ಟಿಕೊಳ್ಳಬೇಕು. ಉಳಿತಾಯದ ದಾರಿಗಳನ್ನು ಹೇಳುತ್ತೇನೆ. ಪ್ರತಿಯೊಂದರಲ್ಲೂ ಯಾವುದನ್ನು ಒಬ್ಬರೇ ಮಾಡಬಹುದು, ಯಾವುದಕ್ಕೆ ಜೊತೆ ಬೇಕು ಎಂದು ನೋಡುತ್ತಾ ಹೋಗಿ.

ಲಂಗೋಟಿಯ ಲೆಕ್ಕ

ಒಂದು ಡೈಪರಿಗೆ ಹತ್ತು ರೂಪಾಯಿ ಎಂದು ಹಿಡಿಯಿರಿ. ದಿನಕ್ಕೆ ಐದಾದರೆ 50, ತಿಂಗಳಿಗೆ 1,500 ರೂಪಾಯಿ. ಪೂರ್ತಿ ಬಿಟ್ಟುಬಿಡಿ ಎನ್ನುವುದಿಲ್ಲ. ರಾತ್ರಿಗೆ ಒಂದು ಇರಲಿ. ಮಗು ನೆನೆಯದೆ ಮಲಗಿದರೆ ನೀವೂ ಮಲಗುತ್ತೀರಿ, ಆ ಹತ್ತು ರೂಪಾಯಿ ದಂಡವಲ್ಲ. ಹಗಲು ಬಟ್ಟೆ ಕಟ್ಟಿ. ಆಗ ತಿಂಗಳಿಗೆ 300 ಖರ್ಚು, 1,200 ಉಳಿತು. ಬಸ್ಸಿನಲ್ಲಿ ಊರಿಗೆ ಹೋಗುವ ದಿನಕ್ಕೆ ಎರಡು ಮೂರು ಹೆಚ್ಚು ಇಟ್ಟುಕೊಳ್ಳಿ.

ಒಗೆದೊಗೆದು ಮೆತ್ತಗಾದ ಹತ್ತಿ ಪಂಚೆ, ಹಳೇ ಕಾಟನ್ ಸೀರೆ ಇದಕ್ಕೆ ಬಹಳ ಚೆನ್ನ. ಹೊಸ ಬಟ್ಟೆಗಿಂತ ಬೇಗ ಹೀರುತ್ತದೆ, ಮಗುವಿನ ತೊಡೆಯನ್ನು ಉಜ್ಜುವುದಿಲ್ಲ. ಚೌಕವಾಗಿ ಕತ್ತರಿಸಿ, ಅಂಚು ಹೊಲಿದು, ಮೂಲೆಯಿಂದ ಮೂಲೆಗೆ ಮಡಚಿ ಕಟ್ಟಿ. ನಡುವೆ ಇನ್ನೊಂದು ತುಂಡನ್ನು ನಾಲ್ಕು ಪದರ ಮಡಿಸಿ ಇಟ್ಟರೆ ಹೆಚ್ಚು ಹೊತ್ತು ತಡೆಯುತ್ತದೆ. ನೀವು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು, ಹೊಲಿಗೆಯನ್ನು ನಾನು ಹೇಳಿಕೊಡಬೇಕಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಾದರೂ ಹೊಲಿಗೆ ಮೆಷಿನ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ನಾಲ್ಕು ಮಕ್ಕಳಿಗಾಗುವಷ್ಟು ಹೊಲಿದುಬಿಡುತ್ತೀರಿ.

ಒಗೆಯುವುದಕ್ಕೂ ಕ್ರಮ ಇದೆ. ಕಕ್ಕ ಆದ ಬಟ್ಟೆಯನ್ನು ಕೂಡಲೇ ತಣ್ಣೀರಿನಲ್ಲಿ ಜಾಲಿಸಿ ಬೇರೆ ಬಕೆಟ್ಟಿನಲ್ಲಿಡಿ. ಸಂಜೆ ಸೋಪು ಹಾಕಿ ಒಗೆದು, ಸೋಪು ಉಳಿಯದಂತೆ ಎರಡು ಮೂರು ನೀರು ಹಾಕಿ, ಬಿಸಿಲಿಗೆ ಹಾಕಿ. ಸೋಪು ಉಳಿದರೆ ತೊಡೆ ಸಂದಿ ಕೆಂಪಾಗುತ್ತದೆ. ಸುವಾಸನೆಯ ದ್ರವಗಳು ಬೇಡ. ಅವುಗಳಿಂದ ಬಟ್ಟೆ ಹೀರುವ ಗುಣ ಕಳೆದುಕೊಳ್ಳುತ್ತದೆ. ಮಗುವಿನ ಬಟ್ಟೆಯ ನಡುವೆ ನುಸಿಗುಳಿಗೆ ಇಡಲೇಬೇಡಿ. ಅದರಲ್ಲಿರುವ ನ್ಯಾಫ್ತಲೀನ್ ಕೆಲವು ಎಳೆ ಮಕ್ಕಳ ರಕ್ತಕಣಗಳನ್ನು ಒಡೆದು ಕಾಮಾಲೆ ತರಿಸಬಲ್ಲದು. ಮಳೆಗಾಲದಲ್ಲಿ ಬಟ್ಟೆ ಒಣಗದೆ ಹೋದರೆ ಆ ವಾರ ಡೈಪರ್ ಹೆಚ್ಚು ಬಳಸಿ. ಮನಸ್ಸಿಗೆ ಬೇಸರ ಬೇಡ.

ಹಳೇ ಬಟ್ಟೆ ಎಂಬ ಸಂಕೋಚಕ್ಕೆ ಒಂದು ಮಾತು. ಹುಟ್ಟಿದ ಕೂಸಿಗೆ ಮೊದಲು ಹಿರಿಯರ ಹಳೇ ಬಟ್ಟೆಯನ್ನೇ ಹೊದಿಸುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ, ಉಳ್ಳವರ ಮನೆಗಳಲ್ಲೂ ಇದೆ. ಬಾಳಿದವರ ಬಟ್ಟೆ ಮಗುವಿಗೆ ಆಯಸ್ಸು ತರಲಿ ಎಂಬುದು ಅದರ ಹಿಂದಿನ ಹಾರೈಕೆ. ಆ ಮೆತ್ತನೆ ಬಟ್ಟೆಯನ್ನು ನೀವೂ ಅದೇ ಪ್ರೀತಿಯಿಂದ ಕಟ್ಟುತ್ತಿದ್ದೀರಿ.

ರಾಗಿ ಸರಿ: ಎರಡು ಕೆಜಿ, ನಾಲ್ಕು ಮನೆ

ರಾಗಿಯ ವಿಷಯಕ್ಕೆ ಬರೋಣ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರವೂ ಬರುವುದಿಲ್ಲ. ಒಂದು ಡಬ್ಬದ ದುಡ್ಡಿಗೆ ಹಲವು ಕೆಜಿ ರಾಗಿ ಬರುತ್ತದೆ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಜೊತೆಯಲ್ಲಿ ಮಾಡಿದರೆ ಎಷ್ಟು ಹಗುರ ಎಂಬುದು ಇಲ್ಲಿಯೇ ಚೆನ್ನಾಗಿ ಗೊತ್ತಾಗುತ್ತದೆ.

ಎರಡು ಕೆಜಿ ರಾಗಿಯನ್ನು ಕಲ್ಲು, ಮಣ್ಣು ಇಲ್ಲದಂತೆ ಆರಿಸಿ. ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಿರಿ. ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ. ಆಗಾಗ ನೀರು ಚಿಮುಕಿಸುತ್ತಿದ್ದರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತದೆ. ಹುಳಿ ವಾಸನೆ ಬಂದರೆ, ಲೋಳೆಯಾದರೆ ಮಗುವಿಗೆ ಬೇಡ, ಎಸೆಯಿರಿ. ಸರಿಯಾಗಿ ಮೊಳೆತದ್ದನ್ನು ತಾರಸಿಯಲ್ಲಿ ಬಟ್ಟೆ ಹಾಸಿ ಹರಡಿ, ಮೇಲೆ ತೆಳು ಬಟ್ಟೆ ಹೊದಿಸಿ, ಗರಿಗರಿಯಾಗುವವರೆಗೆ ಒಣಗಿಸಿ. ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಂ ಎನ್ನುವವರೆಗೆ ಹುರಿಯಿರಿ. ಆರಿದ ಮೇಲೆ ಗಿರಣಿಯಲ್ಲಿ ಬೀಸಿಸಿ, ತೆಳು ಬಟ್ಟೆಯಲ್ಲಿ ಸೋಸಿ, ನೀರಿನ ಪಸೆ ಇಲ್ಲದ ಡಬ್ಬಿಗೆ ತುಂಬಿ.

ಅರ್ಧ ಕೆಜಿ ರಾಗಿ ಹಿಡಿದು ಹೋದರೆ ಗಿರಣಿಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಪ್ಪಿದರೂ ಹಿಂದಿನವರ ಹಿಟ್ಟು ಬೆರೆಯುತ್ತದೆ. ಖಾರದ ಪುಡಿ ಆದ ಮೇಲೆ ಹಾಕಿದರಂತೂ ಮಗುವಿನ ಪಾಡು ಕೇಳಬೇಡಿ. ಎರಡು ಕೆಜಿ ಇದ್ದರೆ ಮೊದಲು ಬಿದ್ದ ಹಿಡಿ ಹಿಟ್ಟನ್ನು ಬೇರೆ ತೆಗೆದಿಡಬಹುದು. ಒಬ್ಬರು ಆರಿಸಿದರೆ ಒಬ್ಬರು ಮೊಳಕೆ ಕಟ್ಟುತ್ತಾರೆ. ತಾರಸಿ ಇರುವವರು ಒಣಗಿಸುತ್ತಾರೆ, ನಾಲ್ಕನೆಯವರು ಗಿರಣಿಗೆ ಹೋಗುತ್ತಾರೆ. ಒಬ್ಬರಿಗೆ ಮೂರು ದಿನದ ಕೆಲಸ, ನಾಲ್ವರಿಗೆ ಒಂದೊಂದು ಗಂಟೆಯದು. ಒಬ್ಬೊಬ್ಬರ ಪಾಲಿಗೂ ಅರ್ಧ ಕೆಜಿಯ ಆಸುಪಾಸು ಬರುತ್ತದೆ.

ಮೊಳಕೆ ಕಟ್ಟುವುದು ಬರೀ ಸಂಪ್ರದಾಯವಲ್ಲ. ಕಾಳು ಮೊಳೆಯುವಾಗ ಅದರೊಳಗೆ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಸರಿ ಅಂಟಾಗದೆ ನುಣುಪಾಗಿರುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮಗುವಿನ ಹೊಟ್ಟೆ ಚಿಕ್ಕದು. ತಿನ್ನುವ ನಾಲ್ಕು ಚಮಚದಲ್ಲಿ ಸತ್ವ ಹೆಚ್ಚಿದ್ದಷ್ಟೂ ಒಳ್ಳೆಯದು. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಬಿಡದೆ ತಿರುವುತ್ತಾ ಚೆನ್ನಾಗಿ ಬೇಯಿಸಿ, ಅರ್ಧ ಚಮಚ ತುಪ್ಪ ಹಾಕಿ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಲಿ.

ಎಂಟು ತಿಂಗಳಿಗೆ ಎದೆಹಾಲಿನ ಜೊತೆ ದಿನಕ್ಕೆ ಎರಡು ಮೂರು ಹೊತ್ತು ಗಟ್ಟಿ ಆಹಾರ, ಒಂಬತ್ತು ತುಂಬಿದ ಮೇಲೆ ಮೂರು ನಾಲ್ಕು ಹೊತ್ತು. ಮೂರು ಹೊತ್ತೂ ರಾಗಿಯೇ ಬೇಡ. ಒಂದು ಹೊತ್ತು ರಾಗಿ ಸರಿ, ಒಂದು ಹೊತ್ತು ಹೆಸರುಬೇಳೆ, ಸೊಪ್ಪು ಹಾಕಿ ಮೆತ್ತಗೆ ಬೇಯಿಸಿದ ಅನ್ನ, ನಡುವೆ ಕಿವುಚಿದ ಬಾಳೆಹಣ್ಣು. ತಿನ್ನುವ ಮನೆಯಾದರೆ ಪೂರ್ತಿ ಬೆಂದ ಮೊಟ್ಟೆ. ಬೇಳೆ ಸೊಪ್ಪಿನ ಅನ್ನಕ್ಕೆ ಎರಡು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಹೊಸದೊಂದು ಕೊಟ್ಟರೆ ಎರಡು ಮೂರು ದಿನ ಮಗುವಿಗೆ ಒಗ್ಗಿತೇ ಎಂದು ನೋಡಿ, ಆಮೇಲೆ ಇನ್ನೊಂದು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪ ನಾಲಿಗೆಗೆ ಸವರುವುದೂ ಬೇಡ. ಇಡೀ ಕಡಲೆಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಹುರಿದು ನುಣ್ಣಗೆ ಪುಡಿ ಮಾಡಿಯೇ ಹಾಕಬೇಕು. ಈ ಮಾತು ನಿಮ್ಮ ಮೂರು ವರ್ಷದ ಮಗನಿಗೂ ಅನ್ವಯಿಸುತ್ತದೆ.

ಇನ್ನು, ಕಡಿಮೆ ಮಾಡುತ್ತಿದ್ದೇನೇನೋ ಎಂಬ ನಿಮ್ಮ ಅಳುಕು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಡಬ್ಬದ ಆಹಾರ, ಹಾಲಿನ ಬಾಟಲಿಗೆ ಜಾಹೀರಾತು ಕೊಡಬಾರದು ಎಂದು ನಮ್ಮ ದೇಶದಲ್ಲಿ ಕಾನೂನೇ ಇದೆ. 1992ರಲ್ಲಿ ಬಂದ ಆ ಕಾನೂನನ್ನು 2003ರಲ್ಲಿ ಇನ್ನಷ್ಟು ಬಿಗಿ ಮಾಡಿದರು. ತಾಯಂದಿರ ಆತಂಕವನ್ನು ಬಂಡವಾಳ ಮಾಡಿಕೊಂಡು ಡಬ್ಬ ಮಾರಬಾರದು ಎಂಬುದು ಅದರ ಆಶಯ. ನಿಮ್ಮ ಎದೆಹಾಲು, ನಿಮ್ಮ ಒಲೆಯ ಮೇಲಿನ ಸರಿ ಡಬ್ಬಕ್ಕಿಂತ ಕೀಳಲ್ಲ.

ಉಳಿತಾಯ ಮಾಡಬಾರದ ಕಡೆ

ಕೈ ಬಿಗಿಯಾದಾಗ ಕೆಲವು ಕಡೆ ಉಳಿಸಲು ಹೋಗಿ ಮಗುವಿನ ಜೀವಕ್ಕೇ ಬರುತ್ತದೆ. ಎದೆಹಾಲು ಸಾಲದೆ ವೈದ್ಯರು ಹಾಲಿನ ಪುಡಿ ಹೇಳಿದ್ದರೆ, ಹೆಚ್ಚು ದಿನ ಬರಲಿ ಎಂದು ನೀರು ಜಾಸ್ತಿ ಹಾಕಬೇಡಿ. ವರ್ಷದೊಳಗಿನ ಮಗುವಿಗೆ ಅದರ ಬದಲು ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಬೇಡಿ. ಕಳೆದ ಸಲದ ಜ್ವರಕ್ಕೆ ತಂದು ಉಳಿದ ಆ್ಯಂಟಿಬಯಾಟಿಕ್ ಸಿರಪ್ಪನ್ನು ಈ ಸಲ ಕೊಡಬೇಡಿ, ಪಕ್ಕದ ಮನೆಯಿಂದಲೂ ತರಬೇಡಿ.

ಭೇದಿಯಾದಾಗ ಓಆರ್‌ಎಸ್ ಪೊಟ್ಟಣವನ್ನೇ ಬಳಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಪುಕ್ಕಟೆ, ಜೊತೆಗೆ ಹದಿನಾಲ್ಕು ದಿನದ ಝಿಂಕ್ ಮಾತ್ರೆಯೂ ಕೊಡುತ್ತಾರೆ. ನಡುರಾತ್ರಿ ಪೊಟ್ಟಣ ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆ ಹೆಚ್ಚು ಕಡಿಮೆ ಆಗಬಾರದು. ಎದೆಹಾಲು ನಿಲ್ಲಿಸಬಾರದು. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಉಚ್ಚೆ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಹಕ್ಕಿನಿಂದ ಸಿಗುವುದನ್ನು ಬಿಡಬೇಡಿ

ಮಗನ ಪ್ಲೇ ಹೋಂ ಚಿಂತೆಗೆ ಉತ್ತರ ನಿಮ್ಮ ಹತ್ತಿರದ ಅಂಗನವಾಡಿಯಲ್ಲಿದೆ. ಅಂಗನವಾಡಿ ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ದೇಶದ 33 ಕಡೆ ಮಾತ್ರ ಇತ್ತು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇವತ್ತು ಅದು ಎಲ್ಲ ಮಕ್ಕಳದು. ಬಿಪಿಎಲ್ ಕಾರ್ಡ್ ಇರಲೇಬೇಕೆಂದಿಲ್ಲ, ನಿಮ್ಮ ಹೆಸರು ಅತ್ತೆಯ ಕಾರ್ಡಿನಲ್ಲಿದ್ದರೂ ಅಡ್ಡಿಯಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಹಾಡು, ಪಾಠದ ಜೊತೆ ಬಿಸಿ ಊಟ. 2013ರಲ್ಲಿ ಬಂದ ಕ್ಷೀರಭಾಗ್ಯದಿಂದ ಹಾಲು. ಮಗಳಿಗೆ ಆರು ತಿಂಗಳು ದಾಟಿರುವುದರಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಅವಳ ಪಾಲಿಗೆ ಬರುತ್ತದೆ. ತೂಕ ಹಾಕಿ ಬರೆದುಕೊಳ್ಳುತ್ತಾರೆ. ನಿಮ್ಮ ಸರಿ ಸಾಕಾಗುತ್ತಿದೆಯೇ ಎಂಬ ಅನುಮಾನಕ್ಕೆ ಆ ತಕ್ಕಡಿಯೇ ಪ್ರಾಮಾಣಿಕ ಉತ್ತರ ಹೇಳುತ್ತದೆ. ತಿಂಗಳಿಂದ ತಿಂಗಳಿಗೆ ತೂಕ ಏರುತ್ತಿದ್ದರೆ ನೆಮ್ಮದಿಯಾಗಿರಿ. ಅಂಗನವಾಡಿ ಹೇಗಿದೆಯೋ ಎಂಬ ಅಳುಕಿದ್ದರೆ ಒಂದು ದಿನ ಹೋಗಿ ಕೂತು ನೋಡಿ. ಸರಿ ಇಲ್ಲದಿದ್ದರೆ ಟೀಚರಿಗೆ ಹೇಳಿ. ನಾಲ್ವರು ತಾಯಂದಿರು ಒಟ್ಟಾಗಿ ಹೇಳಿದ ಮಾತಿಗೆ ಹೆಚ್ಚು ತೂಕ ಇರುತ್ತದೆ.

ಮಗಳಿಗೆ ಒಂಬತ್ತು ತುಂಬಿದ ಕೂಡಲೇ ದಡಾರ–ರುಬೆಲ್ಲಾ ಚುಚ್ಚುಮದ್ದು, ಮೊದಲ ವಿಟಮಿನ್ ಎ ಹನಿ ಕೊಡಿಸಬೇಕು. ತಾಯಿ ಕಾರ್ಡ್ ಹಿಡಿದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಲಸಿಕೆ ಕೊಡುವ ವಾರ ಯಾವುದು ಎಂದು ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿಕೊಳ್ಳಿ. ಖಾಸಗಿಯಲ್ಲಿ ದುಡ್ಡು ಕೊಡುವ ಲಸಿಕೆಯೇ ಗಟ್ಟಿ ಎಂಬ ಭಾವನೆ ಬಿಟ್ಟುಬಿಡಿ. ಮಕ್ಕಳಿಗೆ ಕೊಡುವ ಕಬ್ಬಿಣಾಂಶದ ಸಿರಪ್ಪನ್ನೂ ಅಲ್ಲೇ ಕೇಳಿ. ಸಣ್ಣಪುಟ್ಟ ನೆಗಡಿ, ಜ್ವರಕ್ಕೆ ಹತ್ತಿರದ ನಮ್ಮ ಕ್ಲಿನಿಕ್ ಇದೆ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದಿರುವವರಿಗೆ ಹೋಗುತ್ತದೆ. ನಿಮ್ಮಲ್ಲಿ ಅದು ಅತ್ತೆಯವರ ಹಕ್ಕು. ಅದಕ್ಕಾಗಿ ಮನಸ್ತಾಪ ಬೇಡ. ಆದರೆ ನೀವು ಬೇರೆ ಸಂಸಾರ ಹೂಡಿದ್ದೀರಿ. ಆಹಾರ ಇಲಾಖೆ ಅರ್ಜಿ ಕರೆದಾಗ ನಿಮ್ಮದೇ ಕಾರ್ಡಿಗೆ ಹಾಕುವ ಬಗ್ಗೆ ಮನೆಯಲ್ಲಿ ಎಲ್ಲರೂ ಕೂತು ಮಾತನಾಡಿ. ಬೆಂಗಳೂರು ಒನ್ ಕೇಂದ್ರದಲ್ಲಿ ವಿಚಾರಿಸಿ. ಶಕ್ತಿ ಯೋಜನೆಯಿಂದ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕುಣಿಗಲ್ಲಿನ ಅಮ್ಮನ ಮನೆ ಈಗ ದುಡ್ಡಿನ ಲೆಕ್ಕದಲ್ಲಿ ದೂರವಲ್ಲ. ಅಮ್ಮ ನಾಲ್ಕು ದಿನ ನಿಮ್ಮಲ್ಲಿ ಬಂದಿರಲಿ, ನೀವು ನಾಲ್ಕು ದಿನ ಹೋಗಿ ಬನ್ನಿ. ಬರುವಾಗ ಊರಿನ ರಾಗಿ, ಹೆಸರುಕಾಳು ಗಂಟು ಕಟ್ಟಿಕೊಂಡು ಬನ್ನಿ.

ಜೊತೆ ಕಟ್ಟುವುದು ಹೇಗೆ

ಈಗ ಮುಖ್ಯ ವಿಷಯ. ಗೋವಿಂದರಾಜನಗರ, ಮೂಡಲಪಾಳ್ಯ, ಮಾರುತಿ ಮಂದಿರದ ಸುತ್ತಮುತ್ತ ನಿಮ್ಮಂತೆಯೇ ಊರು ಬಿಟ್ಟು ಬಂದ, ಒಂದೇ ಸಂಬಳದಲ್ಲಿ ಎರಡು ಮಕ್ಕಳನ್ನು ಸಾಕುತ್ತಿರುವ ತಾಯಂದಿರು ಬಹಳ ಜನ ಇದ್ದಾರೆ. ಒಬ್ಬರಿಗೊಬ್ಬರು ಸಿಗುತ್ತಿಲ್ಲ ಅಷ್ಟೇ. ಸಿಗುವ ಜಾಗ ಎರಡು: ಮಕ್ಕಳನ್ನು ಕರೆದೊಯ್ಯುವ ಹೊತ್ತಿನ ಅಂಗನವಾಡಿ ಬಾಗಿಲು, ಲಸಿಕೆಯ ದಿನದ ಸಾಲು. ಅಲ್ಲಿ ಒಬ್ಬರ ಜೊತೆ ಮಾತು ತೆಗೆಯಿರಿ. ನಿಮ್ಮ ಮಗುವಿಗೆ ಎಷ್ಟು ತಿಂಗಳು, ಏನು ತಿನ್ನಿಸುತ್ತೀರಿ ಎಂದು ಕೇಳಿದರೆ ಸಾಕು. ಡೈಪರ್ ಹಾಕುತ್ತಾರೆ ಎಂದು ನೀವು ದೂರದಿಂದ ನೋಡುತ್ತಿರುವ ಕೆಳಗಿನ ಮನೆಯವರನ್ನೂ ಬಿಡಬೇಡಿ. ಅವರೂ ತಿಂಗಳ ಕೊನೆಯಲ್ಲಿ ಲೆಕ್ಕ ಹಾಕುತ್ತಿರಬಹುದು.

ಮೂರು ನಾಲ್ಕು ಮನೆ ಸಾಕು, ಹೆಚ್ಚು ಬೇಡ. ಮೊದಲ ಕೆಲಸ ರಾಗಿ ಸರಿಯದೇ ಆಗಲಿ; ಕೈಯಲ್ಲಿ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಎರಡನೆಯದು ಬಟ್ಟೆ. ಮಗು ಮೂರು ತಿಂಗಳಿಗೊಮ್ಮೆ ಅಂಗಿ ಮೀರುತ್ತದೆ. ಚಿಕ್ಕದಾದದ್ದನ್ನು ಒಗೆದು ಒಂದು ಚೀಲದಲ್ಲಿ ತುಂಬಿ ಮನೆಯಿಂದ ಮನೆಗೆ ಕಳಿಸಿ. ಸ್ವೆಟರ್, ಟೋಪಿ, ನಡಿಗೆ ಕಲಿಯುವಾಗಿನ ಚಪ್ಪಲಿ ಎಲ್ಲ ಹಾಗೇ ಸುತ್ತುತ್ತಾ ಇರಲಿ. ಆಟಿಕೆಯೂ ಅಷ್ಟೇ: ನಿಮ್ಮ ಮಗನಿಗೆ ಸಾಕಾದದ್ದು ಇನ್ನೊಬ್ಬನಿಗೆ ಹೊಸದು. ಸ್ಟೀಲ್ ಲೋಟ, ಡಬ್ಬಿ, ಅಂಗಡಿಯ ರಟ್ಟಿನ ಪೆಟ್ಟಿಗೆ, ಹಳೇ ಕಾಲುಚೀಲದಲ್ಲಿ ಬಟ್ಟೆ ತುರುಕಿ ಮಾಡಿದ ಗೊಂಬೆ ಇದ್ದರೆ ಮೂರು ವರ್ಷದವನಿಗೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಸಣ್ಣ ಬ್ಯಾಟರಿ, ಕಾಳು, ಗುಂಡಿ ಮಗಳ ಕೈಗೆ ಸಿಗದಿರಲಿ. ನೀರು ತುಂಬಿದ ಬಕೆಟ್ಟಿನ ಹತ್ತಿರ ಯಾವ ಮಗುವನ್ನೂ ಒಂಟಿಯಾಗಿ ಬಿಡಬೇಡಿ. ಹಂಪಿನಗರದಲ್ಲಿ ನಗರ ಕೇಂದ್ರ ಗ್ರಂಥಾಲಯವಿದೆ. ವಾರಕ್ಕೊಮ್ಮೆ ಯಾರಾದರೊಬ್ಬರು ದೊಡ್ಡ ಮಕ್ಕಳನ್ನು ಕರೆದುಕೊಂಡು ಹೋಗಿ ಚಿತ್ರದ ಪುಸ್ತಕ ತೋರಿಸಬಹುದು.

ಮೂರನೆಯದೇ ದೊಡ್ಡದು: ಹೊತ್ತಿನ ಮುಯ್ಯಿ. ಮಂಗಳವಾರ ಎರಡು ಗಂಟೆ ನಿಮ್ಮ ಮಕ್ಕಳನ್ನು ಅವರು ನೋಡಿಕೊಳ್ಳಲಿ, ಶುಕ್ರವಾರ ಎರಡು ಗಂಟೆ ಅವರ ಮಕ್ಕಳನ್ನು ನೀವು. ಮೊದಲು ಒಂದೆರಡು ವಾರ ಇಬ್ಬರೂ ಜೊತೆಗೇ ಕೂತು ಮಕ್ಕಳನ್ನು ಆಡಿಸಿ, ನಂಬಿಕೆ ಬಂದ ಮೇಲೆ ಬಿಡಿ. ಜ್ವರ, ಕೆಮ್ಮು ಇದ್ದ ದಿನ ಇಲ್ಲ. ಮನೆಯ ಹಿರಿಯರಿಗೆ ಗೊತ್ತಿರಲಿ, ಫೋನು ಕೈಯಲ್ಲಿರಲಿ, ಮಗು ಏನು ತಿನ್ನಬಾರದು ಎಂದು ಹೇಳಿರಲಿ. ದುಡ್ಡು ನಡುವೆ ಬಾರದಿರಲಿ, ಗಂಟೆಗೆ ಗಂಟೆ. ಆ ಎರಡು ಗಂಟೆ ಬ್ಯಾಂಕಿಗೆ ಓಡಬೇಡಿ, ಪಾತ್ರೆ ತೊಳೆಯಬೇಡಿ. ಮೊದಲ ಸಲ ಸುಮ್ಮನೆ ಮಲಗಿ.

ಜೊತೆ ಗಟ್ಟಿಯಾದ ಮೇಲೆ ಉಳಿತಾಯವನ್ನೂ ಸೇರಿಸಬಹುದು. ಹತ್ತಾರು ಹೆಂಗಸರು ಸೇರಿ ಸಣ್ಣ ಮೊತ್ತ ಕೂಡಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸ್ವಸಹಾಯ ಸಂಘಗಳು ನಮ್ಮ ಕರ್ನಾಟಕದಲ್ಲೇ, ಮೈರಾಡಾ ಸಂಸ್ಥೆಯ ಕೆಲಸದಲ್ಲಿ, 1980ರ ದಶಕದ ನಡುವೆ ಬೆಳೆದವು. 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕುಗಳಿಗೆ ಜೋಡಿಸಿತು. ಅವು ನಿಂತದ್ದು ಒಬ್ಬರನ್ನೊಬ್ಬರು ಬಲ್ಲವರ ನಂಬಿಕೆಯ ಮೇಲೆ. ನೀವೂ ನಂಬಿಕೆ ಮೊದಲು ಮಾಡಿಕೊಳ್ಳಿ, ದುಡ್ಡು ಆಮೇಲೆ. ಪರಿಚಯವಿಲ್ಲದವರ ಚೀಟಿಗೆ ಸೇರಬೇಡಿ. ಡೈಪರಿನಲ್ಲಿ ಉಳಿದ 1,200ರಲ್ಲಿ ಸ್ವಲ್ಪವಾದರೂ ನಿಮ್ಮ ಹೆಸರಿನ ಖಾತೆಗೆ ಹೋಗಲಿ. ಮಗಳಿಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದರೆ ವರ್ಷಕ್ಕೆ ಕನಿಷ್ಠ 250 ರೂಪಾಯಿ ಹಾಕಿದರೂ ಖಾತೆ ನಡೆಯುತ್ತದೆ.

ಊದುಬತ್ತಿಯೋ, ಗಾರ್ಮೆಂಟ್ಸೋ?

ಊದುಬತ್ತಿ ಹೊಸೆಯುವ ಕೆಲಸ ಈಗ ಬೇಡ ಎಂದೇ ಹೇಳುತ್ತೇನೆ. ಇದ್ದಿಲ ಪುಡಿ, ಜಿಗಟಿನ ಧೂಳು ಚಿಕ್ಕ ಮನೆಯ ಗಾಳಿಯಲ್ಲಿ ನಿಲ್ಲುತ್ತದೆ. ಅಂಬೆಗಾಲಿಡುವ ಮಗು ಉಸಿರಾಡುವುದು ನೆಲದ ಮಟ್ಟದ ಗಾಳಿಯನ್ನು, ಕೈ ಹಾಕುವುದು ಬಾಯಿಗೆ. ಬಂದ ಕಾಸು ಔಷಧಿಗೆ ಹೋದರೆ ಏನು ಬಂತು? ಮನೆಯಲ್ಲೇ ಏನಾದರೂ ಮಾಡಲೇಬೇಕೆಂದಿದ್ದರೆ ನಿಮ್ಮ ಕೈಯಲ್ಲಿರುವ ಹೊಲಿಗೆಯನ್ನು ನೋಡಿ: ರವಿಕೆಗೆ ಹುಕ್ಕು, ಸೀರೆಗೆ ಫಾಲ್ಸ್, ಮಕ್ಕಳ ಬಟ್ಟೆ ಸರಿಪಡಿಸುವುದು. ಸೂಜಿ, ಕತ್ತರಿ ಎತ್ತರದಲ್ಲಿಡಿ.

ಗಾರ್ಮೆಂಟ್ಸ್‌ಗೆ ಮತ್ತೆ ಹೋಗುವ ಮನಸ್ಸಿದ್ದರೆ ಸೇರುವ ಮೊದಲೇ ಶಿಶುಪಾಲನಾ ಕೊಠಡಿ ಇದೆಯೇ ಎಂದು ಕೇಳಿ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಅದು ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಲು ಬಿಡಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ನಿಯಮ ತಂದಿತು. ಕೇಳುವುದು ದಾಕ್ಷಿಣ್ಯದ ವಿಷಯವಲ್ಲ. ಕೊಠಡಿಯನ್ನು ಕಣ್ಣಾರೆ ನೋಡಿ, ನೋಡಿಕೊಳ್ಳುವವರನ್ನು ಮಾತನಾಡಿಸಿ, ಆಮೇಲೆ ಒಪ್ಪಿಕೊಳ್ಳಿ.

ನಿಮ್ಮ ಮನಸ್ಸು, ಅವರ ಪಾಲು

ಕಡೆಯದಾಗಿ ನಿಮ್ಮ ಬಗ್ಗೆ. ಎರಡು ವಾರಕ್ಕೂ ಮೀರಿ ಮನಸ್ಸು ಭಾರವಾಗಿಯೇ ಇದ್ದರೆ, ಮಗು ಮಲಗಿದ್ದರೂ ನಿದ್ದೆ ಬಾರದಿದ್ದರೆ, ಸುಮ್ಮನೆ ಅಳು ಬರುತ್ತಿದ್ದರೆ, ಮಗುವಿನ ಮೇಲೆ ಅಕ್ಕರೆಯೇ ಮೂಡದಿದ್ದರೆ, ಇದ್ದರೇನು ಸತ್ತರೇನು ಎಂಬ ಯೋಚನೆ ಸುಳಿದರೆ, ಅದು ಹೆರಿಗೆಯ ನಂತರ ಬರುವ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಆ ಸೇವೆ ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೇ ಇಟ್ಟು ಚಿಕಿತ್ಸೆ ಕೊಡುವ ವಿಭಾಗ 2009ರಿಂದಲೇ ಇದೆ.

ಈ ಪತ್ರವನ್ನು ನಿಮ್ಮ ಮನೆಯವರಿಗೂ ಓದಲು ಕೊಡಿ. ಅವರು ದಣಿದು ಬರುತ್ತಾರೆ, ನಿಜ. ಆದರೆ ಸಂಜೆಯ ಲಂಗೋಟಿ ಒಗೆಯುವುದು, ಭಾನುವಾರ ರಾಗಿ ಗಿರಣಿಗೆ ಒಯ್ಯುವುದು ಅವರ ಪಾಲಿಗಿರಲಿ. ತಿಂಗಳ ಮೊದಲ ವಾರವೇ ಇಬ್ಬರೂ ಕೂತು ಖರ್ಚು ಬರೆಯಿರಿ. ಲೆಕ್ಕ ನಿಮ್ಮೊಬ್ಬರ ತಲೆಯಲ್ಲಿದ್ದರೆ ಕೊರತೆಯೂ ನಿಮ್ಮೊಬ್ಬರದೇ ಅನಿಸುತ್ತದೆ.

ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಈ ವಾರ ಮಗನನ್ನು ಅಂಗನವಾಡಿಗೆ ಸೇರಿಸಿ, ಮಗಳ ಹೆಸರು ಬರೆಸಿ. ಅಲ್ಲಿಗೆ ಬಂದ ಒಬ್ಬ ತಾಯಿಯ ಹೆಸರು, ಮನೆ ತಿಳಿದುಕೊಳ್ಳಿ. ಮುಂದಿನ ವಾರ ಅವರ ಜೊತೆ ಸೇರಿ ರಾಗಿ ನೆನೆಹಾಕಿ. ಹಗಲಿನ ಲಂಗೋಟಿ ಅದಾದ ಮೇಲೆ. ಯಾರನ್ನಾದರೂ ಸಹಾಯ ಕೇಳುವಾಗ, ನಾನು ಬೇಡುತ್ತಿದ್ದೇನೆ ಎಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿ ಹೊಲಿಗೆ ಇದೆ, ಎರಡು ಮಕ್ಕಳನ್ನು ಸಾಕಿದ ಅನುಭವ ಇದೆ. ಕೊಡುವುದಕ್ಕೆ ನಿಮ್ಮ ಬಳಿಯೂ ಬೇಕಾದಷ್ಟಿದೆ.